ಬಿಲ್ ಇಲ್ಲದ ಆಸ್ಪತ್ರೆಯಲ್ಲೂ ಬಡವರ ಸಾವು ಜಾಸ್ತಿ: ಒಂಟಾರಿಯೋದ ಹೃದಯಾಘಾತ ಪ್ರಕರಣ

ಹಾರ್ಟ್ ಅಟ್ಯಾಕ್ ಆದಮೇಲೆ ಬಡವರೇ ಹೆಚ್ಚು ಸಾಯುವುದು ಯಾಕೆ ಎಂದು ಕೇಳಿದರೆ ಬಹಳ ಜನ ಥಟ್ಟನೆ ಹೇಳುವುದು ಒಂದೇ ಮಾತು. ದುಡ್ಡಿರಲಿಲ್ಲ, ಚಿಕಿತ್ಸೆ ಸಿಗಲಿಲ್ಲ. ಹಾಗಾದರೆ ಯಾರಿಗೂ ಬಿಲ್ ಕೊಡದ ಆಸ್ಪತ್ರೆಯಲ್ಲಿ ಏನಾಗಬೇಕು? ಬಡವರೂ ಶ್ರೀಮಂತರೂ ಒಂದೇ ಪ್ರಮಾಣದಲ್ಲಿ ಬದುಕಿ ಉಳಿಯಬೇಕು ಅಲ್ವಾ? ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದರು. ಅಂತರ ಇತ್ತು, ಅದೂ ದೊಡ್ಡದಾಗಿಯೇ ಇತ್ತು. ಅದು ಎಲ್ಲಿಂದ ಬಂತು ಎಂದು ತಿಳಿಯಲು ಮುಂದೆ ಏಳು ವರ್ಷ ಹಿಡಿಯಿತು.

ಈ ಒಂದು ಪ್ರಕರಣವನ್ನು ನಾನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇದರ ಮೊದಲ ಭಾಗ ಮಾತ್ರ ಓದಿದವರು ಒಂದು ತೀರ್ಮಾನಕ್ಕೆ ಬರುತ್ತಾರೆ, ಕೊನೆಯ ಭಾಗ ಮಾತ್ರ ಓದಿದವರು ಅದಕ್ಕೆ ಪೂರ್ತಿ ವಿರುದ್ಧವಾದ ತೀರ್ಮಾನಕ್ಕೆ ಬರುತ್ತಾರೆ. ಎರಡೂ ಅರ್ಧ ಸತ್ಯ. ನನಗೆ ಅನಿಸುವುದು ಇಷ್ಟು: ಆದಾಯ ತನ್ನ ಕೆಲಸವನ್ನು ಬಹುಪಾಲು ಮಾಡಿ ಮುಗಿಸುವುದು ರೋಗಿ ಆಸ್ಪತ್ರೆಗೆ ಬರುವ ಮುಂಚೆ. ಉಳಿದದ್ದನ್ನು ಅವರು ಡಿಸ್ಚಾರ್ಜ್ ಆಗಿ ಹೊರಟ ಮೇಲೆ ಮಾಡುತ್ತದೆ. ಮಧ್ಯದ ಕೆಲವು ದಿನಗಳನ್ನು ಮಾತ್ರ ಉಚಿತ ಮಾಡಿದರೆ ಅಂತರ ಮುಚ್ಚುವುದಿಲ್ಲ.

ಹಿನ್ನೆಲೆ

ಕೆನಡಾದಲ್ಲಿ ಆಸ್ಪತ್ರೆಯ ಚಿಕಿತ್ಸೆಗೆ, ವೈದ್ಯರ ಭೇಟಿಗೆ ರೋಗಿ ಹಣ ಕೊಡುವುದಿಲ್ಲ. ತೆರಿಗೆ ಹಣದಿಂದ ಪ್ರಾಂತ್ಯ ಸರ್ಕಾರವೇ ಕೊಡುತ್ತದೆ. 1984ರ ಕೆನಡಾ ಆರೋಗ್ಯ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ಯಾವುದಾದರೂ ಪ್ರಾಂತ್ಯದಲ್ಲಿ ರೋಗಿಯ ಕೈಯಿಂದ ಹೆಚ್ಚುವರಿ ಶುಲ್ಕ ವಸೂಲಿ ಮಾಡಿದರೆ ಕೇಂದ್ರ ಸರ್ಕಾರ ಆ ಪ್ರಾಂತ್ಯಕ್ಕೆ ಕೊಡುವ ಹಣದಲ್ಲಿ ಅಷ್ಟನ್ನು ಕಡಿತ ಮಾಡುತ್ತದೆ. ಒಂಟಾರಿಯೋ 1986ರಲ್ಲಿ ಹೆಚ್ಚುವರಿ ಶುಲ್ಕವನ್ನು ಕಾನೂನು ಮಾಡಿ ನಿಲ್ಲಿಸಿತು. ಅದನ್ನು ವಿರೋಧಿಸಿ ಅಲ್ಲಿನ ವೈದ್ಯರು 25 ದಿನ ಮುಷ್ಕರ ಮಾಡಿದರು, ಸರ್ಕಾರ ಜಗ್ಗಲಿಲ್ಲ.

ಹಾಗಾಗಿ ಹೃದಯಾಘಾತವಾದ ವ್ಯಕ್ತಿಗೆ ತುರ್ತು ವಿಭಾಗ, ಐಸಿಯು, ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ ತೆಗೆದು ನೋಡುವ ಪರೀಕ್ಷೆ), ಸ್ಟೆಂಟ್, ಬೈಪಾಸ್ ಎಲ್ಲವೂ ಉಚಿತ. ದುಡ್ಡು ಕೊಟ್ಟು ಮುಂದೆ ಹೋಗುವ ಖಾಸಗಿ ದಾರಿಯೂ ಇಲ್ಲ.

ಒಂದು ದೊಡ್ಡ ಕಿಂಡಿ ಮಾತ್ರ ಉಳಿದಿತ್ತು. ಮನೆಗೆ ಹೋದಮೇಲೆ ನುಂಗಬೇಕಾದ ಮಾತ್ರೆ ಈ ಕಾಯ್ದೆಯೊಳಗೆ ಬರುವುದಿಲ್ಲ. ಒಂಟಾರಿಯೋದಲ್ಲಿ 65 ದಾಟಿದವರಿಗೆ ಮತ್ತು ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಬೇರೆ ಯೋಜನೆಯಲ್ಲಿ ಔಷಧ ಸಿಗುತ್ತದೆ. ಆದಾಯಕ್ಕೆ ಹೋಲಿಸಿದರೆ ಔಷಧದ ಖರ್ಚು ತೀರಾ ಜಾಸ್ತಿ ಆದವರಿಗೆ 1995ರಲ್ಲಿ ಟ್ರಿಲಿಯಂ ಎಂಬ ಯೋಜನೆ ಬಂತು. ಉಳಿದವರಿಗೆ ಕೆಲಸ ಕೊಟ್ಟ ಕಂಪನಿಯ ವಿಮೆ ಇದ್ದರೆ ಇದೆ, ಇಲ್ಲದಿದ್ದರೆ ಸ್ವಂತ ದುಡ್ಡು. ಒಳ್ಳೆಯ ಕೆಲಸ ಇದ್ದವರಿಗೆ ಒಳ್ಳೆಯ ವಿಮೆ. ದಿನಗೂಲಿ, ಅರೆಕಾಲಿಕ ಕೆಲಸ ಮಾಡುವವರಿಗೆ ಎಷ್ಟೋ ಸಲ ಏನೂ ಇಲ್ಲ. ಈ ಕಿಂಡಿಯ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ವಿಷಯ ವೆಯ್ಟಿಂಗ್ ಲಿಸ್ಟ್. 1980ರ ದಶಕದ ಕೊನೆಯಲ್ಲಿ ಒಂಟಾರಿಯೋದಲ್ಲಿ ಬೈಪಾಸ್ ಸರ್ಜರಿಗೆ ಕಾಯುವವರ ಸಾಲು ಬಹಳ ಬೆಳೆಯಿತು. ಆಮೇಲೆ ಯಾರ ಸ್ಥಿತಿ ಎಷ್ಟು ಗಂಭೀರ ಎಂದು ಅಳೆದು ಸಾಲು ನಡೆಸುವ ಪದ್ಧತಿ ತಂದರು. ಕಾಗದದ ಮೇಲೆ ಇದು ಬಹಳ ನ್ಯಾಯವಾದ ಪದ್ಧತಿ. ಆದರೆ ಡೇವಿಡ್ ಆಲ್ಟರ್, ಡೇವಿಡ್ ನೇಲರ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಹೃದ್ರೋಗ ಚಿಕಿತ್ಸೆಯಲ್ಲಿ ತೊಡಗಿದ ವೈದ್ಯರನ್ನೂ ಆಸ್ಪತ್ರೆಯ ಮುಖ್ಯಸ್ಥರನ್ನೂ ಒಂದು ಪ್ರಶ್ನೆ ಕೇಳಿದರು. ವೈದ್ಯಕೀಯ ಅಗತ್ಯ ಬಿಟ್ಟು ಬೇರೆ ಕಾರಣಕ್ಕೆ ಒಬ್ಬ ರೋಗಿಗೆ ಬೇಗ ಸೇವೆ ಸಿಕ್ಕ ಸಂದರ್ಭದಲ್ಲಿ ನೀವೇ ಭಾಗಿಯಾಗಿದ್ದೀರಾ? ವೈದ್ಯರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಹೌದು ಎಂದರು. ಆಸ್ಪತ್ರೆ ಮುಖ್ಯಸ್ಥರಲ್ಲಿ ಶೇ 53 ಮಂದಿ ಹೌದು ಎಂದರು. ಇದು ಪ್ರಕಟವಾದದ್ದು 1998ರಲ್ಲಿ. ಲಂಚದ ಪ್ರಶ್ನೆ ಇಲ್ಲಿ ಇಲ್ಲ. ಪರಿಚಯ, ಹೆಸರು, ಸ್ಥಾನ ಇಷ್ಟೇ ಸಾಕಾಗಿತ್ತು.

1999ರ ಲೆಕ್ಕ

ಮುಂದಿನ ವರ್ಷ ಇದೇ ತಂಡ ಇನ್ನೂ ದೊಡ್ಡ ಲೆಕ್ಕಕ್ಕೆ ಕೈ ಹಾಕಿತು. 1994ರ ಏಪ್ರಿಲ್‌ನಿಂದ 1997ರ ಮಾರ್ಚ್‌ವರೆಗೆ ಹೃದಯಾಘಾತ ಆಗಿ ಒಂಟಾರಿಯೋದ ಆಸ್ಪತ್ರೆಗಳಿಗೆ ಸೇರಿದ 51,591 ಮಂದಿಯ ದಾಖಲೆ ತೆಗೆದುಕೊಂಡರು. ಯಾರಿಗೆ ಆಂಜಿಯೋಗ್ರಾಂ ಆಯಿತು, ಎಷ್ಟು ದಿನಕ್ಕೆ ಆಯಿತು, ಒಂದು ವರ್ಷದೊಳಗೆ ಯಾರು ತೀರಿಕೊಂಡರು ಎನ್ನುವುದೆಲ್ಲ ಸರ್ಕಾರಿ ದಾಖಲೆಯಲ್ಲಿ ಸಿಗುತ್ತಿತ್ತು. ಸಿಗದೇ ಇದ್ದದ್ದು ರೋಗಿಯ ಆದಾಯ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ರೋಗಿ ವಾಸವಾಗಿದ್ದ ಬಡಾವಣೆ ಯಾವುದೆಂದು ನೋಡಿ, 1996ರ ಜನಗಣತಿಯಲ್ಲಿ ಅಲ್ಲಿನ ಮಧ್ಯಮ ಆದಾಯ ಎಷ್ಟಿತ್ತೋ ಅದನ್ನೇ ರೋಗಿಯ ಆದಾಯ ಎಂದು ಇಟ್ಟುಕೊಂಡರು. ಆಮೇಲೆ ಬಡಾವಣೆಗಳನ್ನು ಬಡತನದಿಂದ ಶ್ರೀಮಂತಿಕೆಯ ಕಡೆಗೆ ಐದು ಗುಂಪು ಮಾಡಿದರು.

ವಯಸ್ಸು, ಲಿಂಗ, ಕಾಯಿಲೆಯ ತೀವ್ರತೆ, ನೋಡಿದ ವೈದ್ಯರು ಯಾವ ವಿಭಾಗದವರು, ಆಸ್ಪತ್ರೆಯಲ್ಲಿ ಹೃದಯದ ವಿಶೇಷ ಸೌಲಭ್ಯ ಇತ್ತೇ, ದೊಡ್ಡ ಆಸ್ಪತ್ರೆ ಎಷ್ಟು ದೂರ ಇತ್ತು, ಇದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಿದರು, ಅಂದರೆ ಇವೆಲ್ಲ ಬಡವರಿಗೂ ಶ್ರೀಮಂತರಿಗೂ ಒಂದೇ ಆಗಿದ್ದರೆ ಅಂತರ ಎಷ್ಟಿರುತ್ತಿತ್ತು ಎಂದು ನೋಡಿದರು. ಇಷ್ಟಾದ ಮೇಲೂ ಉಳಿದ ಅಂತರ ಹೀಗಿತ್ತು.

ಅತಿ ಬಡ ಬಡಾವಣೆಗಳಿಗೆ ಹೋಲಿಸಿದರೆ ಅತಿ ಶ್ರೀಮಂತ ಬಡಾವಣೆಗಳ ರೋಗಿಗಳಿಗೆ ಆಂಜಿಯೋಗ್ರಾಂ ಆಗುವ ಪ್ರಮಾಣ ಶೇ 23ರಷ್ಟು ಜಾಸ್ತಿ. ಅದಕ್ಕೆ ಕಾಯುವ ಅವಧಿ ಶೇ 45ರಷ್ಟು ಕಡಿಮೆ. ಬಡಾವಣೆಯ ಆದಾಯ 10,000 ಡಾಲರ್ ಹೆಚ್ಚಾದಂತೆಲ್ಲ ಒಂದು ವರ್ಷದೊಳಗೆ ಸಾಯುವ ಅಪಾಯ ಶೇ 10ರಷ್ಟು ಇಳಿಯುತ್ತಿತ್ತು. 20,000 ಡಾಲರ್ ಅಂತರ ಇರುವ ಎರಡು ಬಡಾವಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಪಾಯದ ಅಂತರ ಸುಮಾರು ಶೇ 19 ಆಗುತ್ತದೆ. ಇದು ಸಣ್ಣ ಸಂಖ್ಯೆ ಅಲ್ಲ. ಯಾವುದಾದರೂ ಹೊಸ ಔಷಧ ಇಷ್ಟು ಕೆಲಸ ಮಾಡಿದರೆ ಅದು ಎಲ್ಲ ಹೃದ್ರೋಗಿಗಳಿಗೂ ಬೇಕೇ ಬೇಕು ಎನ್ನುತ್ತೇವೆ.

ವರದಿ 1999ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಉಚಿತ ವ್ಯವಸ್ಥೆ ಇದ್ದರೂ ಆದಾಯ ಚಿಕಿತ್ಸೆಯ ಮೇಲೂ ಸಾವಿನ ಮೇಲೂ ದೊಡ್ಡ ಪರಿಣಾಮ ಬೀರುತ್ತಿದೆ ಎಂಬುದು ಅದರ ಸಾರ.

ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಿದಾಗ ಮನಸ್ಸು ತಾನೇ ಒಂದು ಕಥೆ ಕಟ್ಟುತ್ತದೆ. ಬಡವರಿಗೆ ಆಂಜಿಯೋಗ್ರಾಂ ತಡವಾಯಿತು, ಅದಕ್ಕೇ ಅವರು ಸತ್ತರು. ಕಥೆ ಚೆನ್ನಾಗಿ ಕೂಡುತ್ತದೆ. ಆದರೆ ಎರಡು ಅಂತರ ಒಂದೇ ಕಡೆ ಕಂಡಿವೆ ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲು ಬರುವುದಿಲ್ಲ. ಇಲ್ಲಿ ಅನುಮಾನ ಪಡಲು ಗಟ್ಟಿಯಾದ ಕಾರಣ ಆಗಲೇ ಕಣ್ಣೆದುರು ಇತ್ತು.

ಆಂಜಿಯೋಗ್ರಾಂ ಎಷ್ಟು ಜೀವ ಉಳಿಸುತ್ತದೆ?

1997ರಲ್ಲಿ, ಅಂದರೆ ಈ ವರದಿಗೆ ಎರಡು ವರ್ಷ ಮುಂಚೆ, ಜಾಕ್ ಟು ಎಂಬ ಸಂಶೋಧಕರು ಮತ್ತು ಜೊತೆಗಾರರು ಅಮೆರಿಕವನ್ನೂ ಒಂಟಾರಿಯೋವನ್ನೂ ಹೋಲಿಸಿದ್ದರು. ಎರಡೂ ಕಡೆ ಹೃದಯಾಘಾತವಾದ ವಯಸ್ಸಾದ ರೋಗಿಗಳನ್ನು ತೆಗೆದುಕೊಂಡರು. ಮೊದಲ 30 ದಿನದೊಳಗೆ ಆಂಜಿಯೋಗ್ರಾಂ ಆದವರು ಅಮೆರಿಕದಲ್ಲಿ ಶೇ 34.9, ಒಂಟಾರಿಯೋದಲ್ಲಿ ಶೇ 6.7. ಐದು ಪಟ್ಟು ವ್ಯತ್ಯಾಸ! ಒಂದು ವರ್ಷದೊಳಗೆ ತೀರಿಕೊಂಡವರು? ಅಮೆರಿಕದಲ್ಲಿ ಶೇ 34.3, ಒಂಟಾರಿಯೋದಲ್ಲಿ ಶೇ 34.4. ವ್ಯತ್ಯಾಸವೇ ಇಲ್ಲ ಎನ್ನಬಹುದು.

ಐದು ಪಟ್ಟು ಹೆಚ್ಚು ಆಂಜಿಯೋಗ್ರಾಂ ಮಾಡಿದರೂ ಒಂದು ವರ್ಷದ ಸಾವು ಅಲ್ಲಾಡಲಿಲ್ಲ ಎಂದಮೇಲೆ, ಒಂಟಾರಿಯೋದ ಒಳಗೆ ಬಡವ-ಶ್ರೀಮಂತರ ನಡುವಿನ ಶೇ 23ರ ವ್ಯತ್ಯಾಸ ಅಷ್ಟು ದೊಡ್ಡ ಸಾವಿನ ಅಂತರವನ್ನು ಹೇಗೆ ತರಲು ಸಾಧ್ಯ? ನನ್ನ ಮಟ್ಟಿಗೆ ಈ ಪ್ರಕರಣ ತಿರುವು ಪಡೆಯುವುದು ಇಲ್ಲಿ.

ಇದು ಅರ್ಥ ಆಗಬೇಕಾದರೆ ಹೃದಯಾಘಾತದಲ್ಲಿ ಜೀವ ಉಳಿಸುವುದು ಏನು ಎಂದು ನೋಡಬೇಕು. ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಗಡ್ಡೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದರ ಮುಂದಿನ ಸ್ನಾಯುವಿಗೆ ರಕ್ತ ಸಿಗದೆ ಅದು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಮೊದಲ ಗಂಟೆಗಳಲ್ಲಿ ಹೆಪ್ಪು ಕರಗಿಸಿದರೆ ಅಥವಾ ನಾಳ ತೆರೆದರೆ ಸ್ನಾಯು ಉಳಿಯುತ್ತದೆ. 1988ರಲ್ಲಿ ಬಂದ ಐಸಿಸ್-2 ಎಂಬ ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಬರೀ ಆಸ್ಪಿರಿನ್ ಐದು ವಾರದೊಳಗಿನ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವನ್ನು ಶೇ 23ರಷ್ಟು ಇಳಿಸಿತು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಶೇ 25ರಷ್ಟು ಇಳಿಸಿತು. ಎರಡನ್ನೂ ಕೊಟ್ಟಾಗ ಶೇ 42. ಇವೆರಡೂ ಒಂದು ಸಾಧಾರಣ ಆಸ್ಪತ್ರೆಯಲ್ಲಿ, ವೆಯ್ಟಿಂಗ್ ಲಿಸ್ಟ್ ಇಲ್ಲದೆ ಕೊಡಬಹುದಾದ ಔಷಧಗಳು.

ಆಗಿನ ಕಾಲದ ಆಂಜಿಯೋಗ್ರಾಂ ಹೆಚ್ಚಾಗಿ ನಡೆಯುತ್ತಿದ್ದುದು ಈ ಗಂಡಾಂತರದ ಗಂಟೆಗಳು ಕಳೆದ ಮೇಲೆ. ನಾಳ ಎಲ್ಲಿ ಎಷ್ಟು ಮುಚ್ಚಿದೆ ಎಂದು ನೋಡಲು, ಮುಂದೆ ಏನು ಮಾಡಬೇಕೆಂದು ತೀರ್ಮಾನಿಸಲು. ಈಗ ಪರಿಸ್ಥಿತಿ ಬೇರೆ. ನಾಳ ಪೂರ್ತಿ ಮುಚ್ಚಿ ಆಗುವ ದೊಡ್ಡ ಹೃದಯಾಘಾತದಲ್ಲಿ ರೋಗಿ ಬಂದ ತಕ್ಷಣ ಆಂಜಿಯೋಪ್ಲಾಸ್ಟಿ ಮಾಡಿ ಮುಚ್ಚಿದ ನಾಳ ತೆರೆಯುವುದೇ ಒಳ್ಳೆಯ ಚಿಕಿತ್ಸೆ. ಅಲ್ಲಿ ತಡವಾದರೆ ಜೀವಕ್ಕೇ ಅಪಾಯ. ಆದ್ದರಿಂದ 1990ರ ದಶಕದ ಈ ಲೆಕ್ಕವನ್ನು ಇಂದಿನ ತುರ್ತು ಸ್ಟೆಂಟ್‌ಗೆ ಹಾಗೇ ಅನ್ವಯಿಸುವುದು ತಪ್ಪಾಗುತ್ತದೆ.

ಮುಂದಿನ ಹುಡುಕಾಟ

1999ರ ಲೆಕ್ಕದಲ್ಲಿ ಎರಡು ಕೊರತೆ ಇದ್ದವು. ಬಡಾವಣೆಯ ಆದಾಯ ಒಬ್ಬ ವ್ಯಕ್ತಿಯ ಆದಾಯ ಅಲ್ಲ. ಶ್ರೀಮಂತರ ಬೀದಿಯಲ್ಲಿ ಬಾಡಿಗೆ ಕೋಣೆಯಲ್ಲಿ ಇರುವ ಬಡವರೂ ಇರುತ್ತಾರೆ. ಎರಡನೆಯದು ಇನ್ನೂ ಮುಖ್ಯ. ಆಸ್ಪತ್ರೆಯ ಆಡಳಿತ ದಾಖಲೆಯಲ್ಲಿ ರೋಗಿ ಸಿಗರೇಟು ಸೇದುತ್ತಿದ್ದರೇ, ಬಿಪಿ ಎಷ್ಟು ವರ್ಷದಿಂದ ಇತ್ತು, ಕೊಲೆಸ್ಟ್ರಾಲ್ ಎಷ್ಟಿತ್ತು ಎಂಬ ವಿವರ ಸರಿಯಾಗಿ ಇರುವುದಿಲ್ಲ.

ಮೊದಲು ದೂರದ ಪ್ರಶ್ನೆ ಬಗೆಹರಿಯಿತು. ಬಡವರು ದೊಡ್ಡ ಆಸ್ಪತ್ರೆಗಳಿಂದ ದೂರ ಇರುವುದರಿಂದ ಹೀಗಾಗುತ್ತಿದೆಯೇ? 2003ರಲ್ಲಿ ಬಂದ ವಿಶ್ಲೇಷಣೆ ಇಲ್ಲ ಎಂದಿತು. ಊರು ಎಲ್ಲಿದೆ, ಸೌಲಭ್ಯ ಎಷ್ಟಿದೆ ಎನ್ನುವುದು ಆಂಜಿಯೋಗ್ರಾಂನ ಈ ಅಂತರವನ್ನು ವಿವರಿಸಲಿಲ್ಲ.

ಆಮೇಲೆ ಆಲ್ಟರ್ ತಂಡ 53 ಆಸ್ಪತ್ರೆಗಳ ರೋಗಿಗಳನ್ನೇ ನೇರವಾಗಿ ಕೇಳಿತು. ನಿಮ್ಮ ಆದಾಯ ಎಷ್ಟು, ಎಲ್ಲಿವರೆಗೆ ಓದಿದ್ದೀರಿ, ಮುಂಚೆ ಏನೇನು ಕಾಯಿಲೆ ಇತ್ತು, ಸಿಕ್ಕ ಚಿಕಿತ್ಸೆ ಬಗ್ಗೆ ಏನನ್ನಿಸುತ್ತದೆ. ಬದುಕಿ ಉಳಿದ 2,256 ಮಂದಿಯ ಉತ್ತರ 2004ರಲ್ಲಿ ಪ್ರಕಟವಾಯಿತು. ಹೆಚ್ಚು ಆದಾಯ ಅಥವಾ ಹೆಚ್ಚು ಓದು ಇದ್ದವರಲ್ಲಿ ಶೇ 67.8 ಮಂದಿಗೆ ಆಂಜಿಯೋಗ್ರಾಂ ಆಗಿತ್ತು, ಕಡಿಮೆ ಇದ್ದವರಲ್ಲಿ ಶೇ 52.8. ಹೃದಯ ಪುನಶ್ಚೇತನ ತರಬೇತಿ, ಅಂದರೆ ಆಸ್ಪತ್ರೆ ಬಿಟ್ಟ ಮೇಲೆ ತಜ್ಞರ ಕಣ್ಣೆದುರು ನಡೆಯುವ ವ್ಯಾಯಾಮ ಮತ್ತು ಸಲಹೆ, ಅದು ಸಿಕ್ಕಿದ್ದು ಶೇ 43.9 ಮತ್ತು ಶೇ 25.6 ಮಂದಿಗೆ. ಹೃದ್ರೋಗ ತಜ್ಞರು ಮುಂದೆಯೂ ನೋಡಿಕೊಂಡದ್ದು ಶೇ 56.7 ಮತ್ತು ಶೇ 47.8 ಮಂದಿಯನ್ನು.

ಇದೇ ಅಧ್ಯಯನದ ಇನ್ನೊಂದು ಅಂಶ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಹೆಚ್ಚು ಸೇವೆ ಪಡೆದದ್ದು ಉಳ್ಳವರು. ತಜ್ಞರ ಸೇವೆ ಸರಿಯಾಗಿ ಸಿಗಲಿಲ್ಲ ಎಂದು ಅತೃಪ್ತಿ ತೋರಿಸಿದ್ದೂ ಅವರೇ, ಸುಮಾರು ಎರಡು ಪಟ್ಟು. ದುಡ್ಡು ಕೊಟ್ಟಾದರೂ ಬೇಗ ಸಿಗುವ ದಾರಿ ಇರಲಿ ಎಂದವರು ಉಳ್ಳವರಲ್ಲಿ ಶೇ 30, ಇಲ್ಲದವರಲ್ಲಿ ಶೇ 15. ಕಡಿಮೆ ಸಿಕ್ಕವರು ಸುಮ್ಮನಿದ್ದರು. ಸಿಕ್ಕಿದ್ದೇ ಸಾಕು ಎಂದು ಬದುಕಿ ಅಭ್ಯಾಸ ಆದವರು ಆಸ್ಪತ್ರೆಯಲ್ಲೂ ಹಾಗೇ ಇರುತ್ತಾರೆ. ರೋಗಿಗಳ ದೂರಿನ ಮೇಲೆ ನಂಬಿಕೆ ಇಟ್ಟು ವ್ಯವಸ್ಥೆ ಸುಧಾರಿಸಲು ಹೊರಟರೆ, ಸುಧಾರಣೆ ಈಗಾಗಲೇ ಹೆಚ್ಚು ಪಡೆದವರ ಕಡೆಗೇ ಹರಿಯುತ್ತದೆ.

ಶುಲ್ಕವೇ ಇಲ್ಲದ ಕಡೆ ಈ ಅಂತರ ಹುಟ್ಟುವುದು ಹೀಗೆಯೇ ಎಂದು ನನಗೆ ಅನಿಸುತ್ತದೆ. ಆಂಜಿಯೋಗ್ರಾಂ ತಾನಾಗಿ ಆಗುವುದಿಲ್ಲ. ಯಾರೋ ಒಬ್ಬ ವೈದ್ಯರು ರೆಫರ್ ಮಾಡಬೇಕು. ರೋಗಿ ಅಥವಾ ಅವರ ಮಕ್ಕಳು "ಡಾಕ್ಟ್ರೇ, ಯಾವಾಗ ಆಗುತ್ತೆ? ಬೇರೆ ಕಡೆ ಬೇಗ ಆಗುತ್ತಾ?" ಎಂದು ಕೇಳಬೇಕು. ಫೋನ್ ಮಾಡಿ ವಿಚಾರಿಸಬೇಕು. ಪರಿಚಯದ ತಜ್ಞರಿದ್ದರೆ ಒಂದು ಮಾತು ಹೇಳಿಸಬೇಕು. ಇದಕ್ಕೆಲ್ಲ ಬೇಕಾಗುವ ಧೈರ್ಯ, ಬಿಡುವು, ಭಾಷೆ, ಪರಿಚಯ ಆದಾಯದ ಜೊತೆಗೇ ಬರುತ್ತವೆ.

ಇನ್ನು ಸಾವಿನ ಪ್ರಶ್ನೆ. 2006ರಲ್ಲಿ ಅದೇ ತಂಡ 3,407 ರೋಗಿಗಳ ಎರಡು ವರ್ಷದ ಲೆಕ್ಕ ಕೊಟ್ಟಿತು. ಏನನ್ನೂ ಸರಿದೂಗಿಸದೆ ನೋಡಿದರೆ, ಹೆಚ್ಚು ಆದಾಯದ ಗುಂಪಿನ ಸಾವಿನ ಅಪಾಯ ಕಡಿಮೆ ಆದಾಯದ ಗುಂಪಿನ 0.45 ಪಟ್ಟು. ಅಂದರೆ ಅರ್ಧಕ್ಕಿಂತ ಕಡಿಮೆ. ವಯಸ್ಸು ಮತ್ತು ಮುಂಚಿನಿಂದ ಇದ್ದ ಹೃದಯ, ರಕ್ತನಾಳದ ತೊಂದರೆಗಳನ್ನು ಸರಿದೂಗಿಸಿದ ಮೇಲೆ ಅದು 0.77ಕ್ಕೆ ಬಂತು. ಅಂತರ ಬಹುಪಾಲು ಕರಗಿತು. ಉಳಿದದ್ದು ಆಕಸ್ಮಿಕವೂ ಇರಬಹುದು ಎನ್ನುವಷ್ಟು ಚಿಕ್ಕದಾಯಿತು.

ಈ ಕರಗಿದ್ದರಲ್ಲಿ ಒಂದು ಪಾಲು ವಯಸ್ಸಿನದು ಎಂದು ಒಪ್ಪಿಕೊಳ್ಳಲೇಬೇಕು. ಕೆಲಸದಿಂದ ನಿವೃತ್ತರಾದವರ ಆದಾಯ ಸಹಜವಾಗಿ ಇಳಿದಿರುತ್ತದೆ, ಅವರು ಸಾಯುವ ಸಾಧ್ಯತೆಯೂ ಜಾಸ್ತಿ. ಉಳಿದ ದೊಡ್ಡ ಪಾಲು ಕಾಯಿಲೆಗಳದು. ಬಡ ರೋಗಿ ಆಸ್ಪತ್ರೆಗೆ ಬರುವಾಗಲೇ ಹೆಚ್ಚು ಜರ್ಜರಿತವಾದ ಹೃದಯ ಹೊತ್ತು ಬಂದಿರುತ್ತಾರೆ.

"ಮುಂಚಿನಿಂದ ಇದ್ದ ಕಾಯಿಲೆ" ಎಂದರೆ ಏನು?

ಈ ಫಲಿತಾಂಶವನ್ನು ಕೆಲವರು ಹೀಗೆ ಓದುತ್ತಾರೆ: ನೋಡಿ, ಕಾಯಿಲೆಯನ್ನು ಸರಿದೂಗಿಸಿದರೆ ಆದಾಯದ ಪರಿಣಾಮ ಹೋಯಿತು, ಆದ್ದರಿಂದ ಆದಾಯ ಕಾರಣವೇ ಅಲ್ಲ. ಈ ಓದನ್ನು ನಾನು ಒಪ್ಪುವುದಿಲ್ಲ. ಶುಗರ್, ಬಿಪಿ, ಸಿಗರೇಟು, ಹಳೆಯ ಹಾರ್ಟ್ ಅಟ್ಯಾಕ್ ಇವೆಲ್ಲ ಆಕಾಶದಿಂದ ಬಿದ್ದವಲ್ಲ. ಆದಾಯ ಸಾವಿನವರೆಗೆ ನಡೆದು ಹೋಗುವ ದಾರಿಯೇ ಇವು. ದಾರಿಯನ್ನು ಲೆಕ್ಕದಿಂದ ತೆಗೆದುಹಾಕಿದರೆ ನಡೆದವರು ಕಾಣುವುದಿಲ್ಲ, ಅಷ್ಟೇ.

ಬಿಪಿ ಇದೆ ಎಂದು ಗೊತ್ತಾಗಬೇಕಾದರೆ ಯಾರಾದರೂ ಅಳೆಯಬೇಕು. ಅರ್ಧ ದಿನದ ಕೂಲಿ ಹೋಗುತ್ತದೆ ಎಂದರೆ ತಲೆನೋವೂ ಇಲ್ಲದ ಮನುಷ್ಯ ಕ್ಲಿನಿಕ್‌ಗೆ ಹೋಗುವುದಿಲ್ಲ. ಗೊತ್ತಾದ ಮೇಲೆ ದಿನವೂ ಮಾತ್ರೆ ಕೊಳ್ಳಬೇಕು. ಒಂಟಾರಿಯೋದಲ್ಲಿ 65ಕ್ಕಿಂತ ಕೆಳಗಿನ, ವಿಮೆಯೂ ಸರ್ಕಾರದ ಔಷಧ ಯೋಜನೆಯೂ ಇಲ್ಲದ ವ್ಯಕ್ತಿಗೆ ಬೈಪಾಸ್ ಸರ್ಜರಿ ಉಚಿತ, ಬೈಪಾಸ್ ಬೇಡದಂತೆ ತಡೆಯಬಹುದಾಗಿದ್ದ ಮಾತ್ರೆಗೆ ಮಾತ್ರ ದುಡ್ಡು ಕೊಡಬೇಕು. ಒಂದು ವ್ಯವಸ್ಥೆ ತನ್ನ ಹಣವನ್ನು ತಪ್ಪು ತುದಿಯಲ್ಲಿ ಸುರಿಯುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತೋಚುವುದಿಲ್ಲ.

ದುಡ್ಡಿನ ಕೊರತೆ ಅಂದರೆ ಬರೀ ಮಾತ್ರೆಯ ಬೆಲೆಯೂ ಅಲ್ಲ. ಬ್ರಿಟನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಇದ್ದವರೆಲ್ಲ ಲಂಡನ್ನಿನ ಸರ್ಕಾರಿ ನೌಕರರು. ಎಲ್ಲರಿಗೂ ಕೆಲಸ ಇತ್ತು, ಸಂಬಳ ಇತ್ತು, ರಾಷ್ಟ್ರೀಯ ಆರೋಗ್ಯ ಸೇವೆ ಇತ್ತು. ಆದರೂ ಅತಿ ಕೆಳ ದರ್ಜೆಯ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲವನ್ನೂ ಸರಿದೂಗಿಸಿದ ಮೇಲೂ ಅಂತರದ ದೊಡ್ಡ ಪಾಲು ಉಳಿಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದೆ ವರ್ಷಗಟ್ಟಲೆ ಬದುಕುವುದು ದೇಹದ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಆಗಿನಿಂದ.

ಬಿಲ್ ಕೊಡುವ ಆಸ್ಪತ್ರೆಯಲ್ಲಿ

ಒಂಟಾರಿಯೋದ ಪಾಠ ಎಲ್ಲ ಕಡೆಗೂ ಹಾಗೇ ಹೊಂದುವುದಿಲ್ಲ. ಇದನ್ನು ತೋರಿಸಲು, ಆಸ್ಪತ್ರೆಗೆ ಬಂದ ಹೃದ್ರೋಗಿಗಳ ವಿವರ ದಾಖಲಿಸುತ್ತಾ ಹೋದ ಭಾರತದ ಕ್ರಿಯೇಟ್ ಎಂಬ ಅಧ್ಯಯನ ಒಂದೇ ಸಾಕು. 2008ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 89 ಆಸ್ಪತ್ರೆಗಳು, 20,468 ರೋಗಿಗಳು. ಆಗ ಇಲ್ಲಿ ಚಿಕಿತ್ಸೆಯ ಖರ್ಚು ಬಹುಪಾಲು ರೋಗಿಯ ಜೇಬಿನಿಂದಲೇ ಹೋಗುತ್ತಿತ್ತು.

ಆಂಜಿಯೋಪ್ಲಾಸ್ಟಿ ಆದದ್ದು ಶ್ರೀಮಂತರಲ್ಲಿ ಶೇ 15.3, ಬಡವರಲ್ಲಿ ಶೇ 2. ಬೈಪಾಸ್ ಶೇ 7.5 ಮತ್ತು ಶೇ 0.7. ಇದು ದುಬಾರಿ ಚಿಕಿತ್ಸೆ, ಆಯಿತು. ಆದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಲ್ಲೂ ಶೇ 61.2 ಮತ್ತು ಶೇ 36ರ ಅಂತರ ಇತ್ತು. 30 ದಿನದೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇ 5.5, ಬಡವರಲ್ಲಿ ಶೇ 8.2.

ಇಲ್ಲಿ ಸಂಶೋಧಕರು ಮುಂಚಿನ ಕಾಯಿಲೆ, ಅಪಾಯದ ಅಂಶಗಳನ್ನು ಸರಿದೂಗಿಸಿದಾಗ ಸಾವಿನ ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿದಾಗ ಹೋಯಿತು. ಅಂದರೆ ಒಂಟಾರಿಯೋದ ಪೂರ್ತಿ ಉಲ್ಟಾ. ರೋಗಿಯೇ ದುಡ್ಡು ಕೊಡಬೇಕಾದ ಕಡೆ ಬಡತನ ಆಸ್ಪತ್ರೆಯ ಒಳಗೇ ಜೀವ ತೆಗೆಯುತ್ತದೆ. ಆ ಅಂತರವನ್ನು ಉಚಿತ ಚಿಕಿತ್ಸೆ ನಿಜವಾಗಿಯೂ ಮುಚ್ಚಬಲ್ಲದು. ಹಾಗಾಗಿ ಒಂಟಾರಿಯೋವನ್ನು ತೋರಿಸಿ "ಉಚಿತ ಮಾಡಿದರೂ ಏನೂ ಪ್ರಯೋಜನ ಇಲ್ಲ" ಎನ್ನುವವರ ಮಾತಿಗೆ ಆಧಾರ ಇಲ್ಲ. ಬಿಲ್ಲಿನಿಂದ ಹುಟ್ಟುವ ಆ ಅಂತರವನ್ನು ಒಂಟಾರಿಯೋ ಮುಚ್ಚಿದ ಮೇಲೆ ಅದರ ಹಿಂದೆ ಇದ್ದ ಇನ್ನೊಂದು ಅಂತರ ಕಾಣಿಸಿತು.

ಡಿಸ್ಚಾರ್ಜ್ ಆದಮೇಲೆ

ಹೃದಯಾಘಾತದ ನಂತರ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ನಿಲ್ಲಿಸಿದರೆ ಮತ್ತೆ ಅಟ್ಯಾಕ್ ಆಗುವ ಅಪಾಯ ಏರುತ್ತದೆ. ಹಾಗಾದರೆ ಮಾತ್ರೆ ಉಚಿತ ಕೊಟ್ಟರೆ ಎಲ್ಲ ಸರಿ ಹೋಗುತ್ತದೆಯೇ? ಇಲ್ಲಿ ಸಿಗುವ ಉತ್ತರ ನಾನು ಬಯಸುವಷ್ಟು ಸರಳವಾಗಿಲ್ಲ.

ಅಮೆರಿಕದಲ್ಲಿ ಹೃದಯಾಘಾತ ಆದ 5,855 ಮಂದಿಯ ಮೇಲೆ ನಡೆದ ಪ್ರಯೋಗ 2011ರಲ್ಲಿ ಬಂತು. ವಿಮೆ ಇದ್ದ ಇವರಲ್ಲಿ ಒಂದು ಗುಂಪಿಗೆ ಮಾತ್ರೆಗಳ ಮೇಲಿನ ಸ್ವಂತ ಪಾಲನ್ನೂ ಮನ್ನಾ ಮಾಡಿದರು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವ ಪ್ರಮಾಣ 4ರಿಂದ 6 ಶೇಕಡಾ ಅಂಶ ಮಾತ್ರ ಏರಿತು. ಆಮೇಲೆ ಹೃದಯ, ರಕ್ತನಾಳದ ಮೊದಲ ತೊಂದರೆ ಬರುವ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ, ಒಟ್ಟು ತೊಂದರೆಗಳ ಸಂಖ್ಯೆ ಸ್ವಲ್ಪ ಇಳಿಯಿತು. ಕೆನಡಾದ ಆಲ್ಬರ್ಟಾದಲ್ಲಿ ಕಡಿಮೆ ಆದಾಯದ 4,761 ಹಿರಿಯರ ಮೇಲೆ ಇದೇ ರೀತಿಯ ಪ್ರಯೋಗ ನಡೆಯಿತು. ಅವರಿಗೆ ಮೊದಲೇ ಬಹುಪಾಲು ಔಷಧ ಸರ್ಕಾರದಿಂದ ಸಿಗುತ್ತಿತ್ತು. ಉಳಿದ ಸಣ್ಣ ಪಾಲನ್ನು ಮನ್ನಾ ಮಾಡಿದ್ದರಿಂದ ಸಾವು, ಅಟ್ಯಾಕ್, ಆಸ್ಪತ್ರೆ ಸೇರುವುದು ಯಾವುದೂ ಕಡಿಮೆ ಆಗಲಿಲ್ಲ.

ಒಂಟಾರಿಯೋದಲ್ಲಿ ನಡೆದದ್ದು ಬೇರೆ ಥರ. ದುಡ್ಡಿಲ್ಲದೆ ಮಾತ್ರೆ ಬಿಟ್ಟಿದ್ದೇವೆ ಎಂದು ಹೇಳಿದವರನ್ನೇ ಹುಡುಕಿ ಸೇರಿಸಿಕೊಂಡರು, ಒಟ್ಟು 786 ಮಂದಿ. ಅರ್ಧ ಜನರಿಗೆ ಅಗತ್ಯ ಔಷಧಗಳನ್ನು ಪೂರ್ತಿ ಉಚಿತವಾಗಿ ಕಳಿಸಿದರು. ಒಂದು ವರ್ಷದ ನಂತರ ಔಷಧ ಸರಿಯಾಗಿ ತೆಗೆದುಕೊಂಡವರ ಪ್ರಮಾಣ ಶೇ 26.6ರ ಬದಲು ಶೇ 38.2 ಆಯಿತು. ಬಿಪಿ ಇದ್ದವರಲ್ಲಿ ಮೇಲಿನ ಸಂಖ್ಯೆ ಸುಮಾರು 7 ಅಂಕ ಇಳಿಯಿತು. ಕೊಲೆಸ್ಟ್ರಾಲ್, ಶುಗರ್‌ನಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ.

ಇವುಗಳನ್ನು ಒಟ್ಟಿಗೆ ಓದಿದರೆ ನನಗೆ ಸಿಗುವ ತಿಳಿವಳಿಕೆ ಇದು. ಸಣ್ಣ ಪಾಲು ಕೊಡುತ್ತಿದ್ದವರಿಗೆ ಅದನ್ನೂ ಬಿಟ್ಟರೆ ಹೆಚ್ಚೇನೂ ಬದಲಾಗುವುದಿಲ್ಲ. ದುಡ್ಡಿಲ್ಲದೆ ಮಾತ್ರೆಯನ್ನೇ ಬಿಟ್ಟವರಿಗೆ ಉಚಿತ ಔಷಧ ಕೆಲಸ ಮಾಡುತ್ತದೆ. ಆಗಲೂ ಅರ್ಧಕ್ಕಿಂತ ಹೆಚ್ಚು ಜನ ಸರಿಯಾಗಿ ತೆಗೆದುಕೊಳ್ಳಲಿಲ್ಲ ಎನ್ನುವುದನ್ನು ಮರೆಯಬಾರದು. ಪಾಳಿ ಕೆಲಸ, ಒಂಟಿತನ, ಬೇರೆ ಕಾಯಿಲೆ, ಮಾತ್ರೆ ಯಾಕೆ ಬೇಕು ಎಂದು ಯಾರೂ ಕೂತು ಹೇಳದೇ ಇರುವುದು, ಎಲ್ಲವೂ ಸೇರಿರುತ್ತವೆ. 2024ರ ಅಕ್ಟೋಬರ್‌ನಲ್ಲಿ ಕೆನಡಾ ರಾಷ್ಟ್ರಮಟ್ಟದ ಔಷಧ ಕಾಯ್ದೆ ತಂದಿತು. ಮೊದಲ ಹಂತದಲ್ಲಿ ಅದು ಗರ್ಭನಿರೋಧಕ ಮತ್ತು ಶುಗರ್ ಔಷಧಗಳಿಗೆ ಸೀಮಿತ. ಸ್ಟ್ಯಾಟಿನ್ ಮತ್ತು ಬಿಪಿ ಮಾತ್ರೆ ಅದರಲ್ಲಿ ಸೇರಲಿಲ್ಲ.

ಪುನಶ್ಚೇತನ ತರಬೇತಿಯ ವಿಷಯದಲ್ಲಿ ಮಾತ್ರ ಒಂಟಾರಿಯೋ ಒಂದು ಒಳ್ಳೆಯ ದಾರಿ ಹುಡುಕಿ ತೋರಿಸಿದೆ. ಈ ತರಬೇತಿ ಹೃದ್ರೋಗದ ಸಾವನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಆದರೂ ಉಳ್ಳವರಲ್ಲೇ ಅರ್ಧದಷ್ಟು ಮಂದಿಗೂ ಅದು ಸಿಗುತ್ತಿರಲಿಲ್ಲ, ಇಲ್ಲದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ. ಮಾಮೂಲಿ ಪದ್ಧತಿಯಲ್ಲಿ ವೈದ್ಯರಿಗೆ ನೆನಪಾದರೆ ಅಥವಾ ರೋಗಿ ಕೇಳಿದರೆ ಚೀಟಿ ಬರೆಯುತ್ತಾರೆ. 2011ರಲ್ಲಿ ಬಂದ ಒಂದು ಅಧ್ಯಯನ 11 ಆಸ್ಪತ್ರೆಗಳಲ್ಲಿ ನಾಲ್ಕು ರೀತಿಯ ಪದ್ಧತಿ ಹೋಲಿಸಿತು. ಮಾಮೂಲಿ ಪದ್ಧತಿಯಲ್ಲಿ ತರಬೇತಿಗೆ ರೆಫರ್ ಆದವರು ಸುಮಾರು ಶೇ 32. ಡಿಸ್ಚಾರ್ಜ್ ಜೊತೆಗೆ ಚೀಟಿ ತಾನಾಗಿಯೇ ಹೋಗುವಂತೆ ಮಾಡಿ, ಜೊತೆಗೆ ಒಬ್ಬ ಸಿಬ್ಬಂದಿ ಹಾಸಿಗೆಯ ಪಕ್ಕ ಬಂದು ಮಾತಾಡುವಂತೆ ಮಾಡಿದಾಗ ಅದು ಸುಮಾರು ಶೇ 86 ಆಯಿತು. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧ ಬೇಕಾಗಲಿಲ್ಲ. ರೋಗಿ ತಾನೇ ಬಾಯಿ ಬಿಟ್ಟು ಕೇಳಬೇಕಾದ ಅಗತ್ಯವನ್ನು ತೆಗೆದರು. ಆಂಜಿಯೋಗ್ರಾಂ ರೆಫರಲ್, ತಜ್ಞರ ಮುಂದಿನ ಭೇಟಿ, ಔಷಧ ಯೋಜನೆಯ ಅರ್ಜಿ, ಇವನ್ನೂ ಇದೇ ರೀತಿ ಡಿಸ್ಚಾರ್ಜ್ ಕಾಗದದ ಜೊತೆಗೇ ಕಟ್ಟಿಬಿಡಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.